ಲಿಂಗ ಹಿಡಿಯುವ ಕೈ

ತಿಪಟೂರಿನಿಂದ ಬಂದ ಸಾಮಾನು ಇನ್ನೂ ಪೂರ್ತಿ ಲಾರಿಯಿಂದ ಇಳಿದಿರಲಿಲ್ಲ, ಆಗಲೇ ವೃಷಭೇಂದ್ರಪ್ಪನವರು ಚಾಮರಾಜಪೇಟೆಯ ಬಾಡಿಗೆ ಮನೆಯಲ್ಲಿ ಕೊಂಕು ಹುಡುಕಲು ಶುರುಮಾಡಿದ್ದರು. ಅಡುಗೆಮನೆ ಕತ್ತಲು, ಹಿತ್ತಲು ಅಂಗೈಯಗಲ, ನಲ್ಲಿ ಇದ್ದರೂ ನೀರಿಲ್ಲ, ಬಾಗಿಲು ತೆರೆದರೆ ಎದುರುಮನೆಯವರ ಒಲೆ ಕಾಣುತ್ತದೆ. ಸೊಸೆ ಗಿರಿಜಾಂಬಾ ಎಲ್ಲದಕ್ಕೂ ‘ಹೂಂ ಮಾವ’ ಎನ್ನುತ್ತ ಪಾತ್ರೆಪಡಗ ಒಳಗೆ ಸಾಗಿಸುತ್ತಿದ್ದಳು. ಆ ‘ಹೂಂ’ ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಬೇಡವೆನ್ನಬೇಕಾದ ಕಡೆಯಲ್ಲೂ ಬಾಯಿಗೆ ಅದೇ ಬರುತ್ತಿತ್ತು.

ಊರು ಬಿಟ್ಟು ಬರಲು ಕಾರಣ ಎರಡು. ಗಂಡ ನಂಜುಂಡಯ್ಯನಿಗೆ ತರಗುಪೇಟೆಯ ಬೇಳೆಕಾಳಿನ ಮಂಡಿಯೊಂದರಲ್ಲಿ ಪಾಲು ಸಿಕ್ಕಿತ್ತು. ಇನ್ನೊಂದು, ಹಿಂದಿನ ವರ್ಷ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದ್ದ ಅತ್ತೆ ವಿಶಾಲಾಕ್ಷಮ್ಮನವರನ್ನು ಬೆಂಗಳೂರಿನ ಡಾಕ್ಟರಿಗೆ ತೋರಿಸಬೇಕಿತ್ತು. ಕಾಲು ಹೇಗೋ ಎಳೆದುಕೊಂಡು ನಡೆಯುವ ಮಟ್ಟಿಗೆ ಬಂದಿತ್ತು. ಕೈ ಮಾತ್ರ ಹೆಗಲಿನಿಂದ ಸುಮ್ಮನೆ ಜೋತುಬಿದ್ದಿತ್ತು.

ಹೀಗಾಗಿ ಅತ್ತೆ ಎಡಗೈಯಲ್ಲಿ ಉಣ್ಣುತ್ತಿದ್ದರು. ತಿಪಟೂರಿನಲ್ಲಿ ಒಮ್ಮೆ ನೆಂಟರು ಬಂದಿದ್ದಾಗ ಯಾವುದೋ ಮಗು, ಈ ಅಜ್ಜಿ ಯಾಕೆ ಆ ಕೈಯಲ್ಲಿ ತಿನ್ನುತ್ತಾರೆ ಎಂದು ಎಲ್ಲರೆದುರು ಕೇಳಿಬಿಟ್ಟಿತು. ವೃಷಭೇಂದ್ರಪ್ಪನವರ ಮುಖ ಕಪ್ಪಿಟ್ಟಿತು. ಅಂದು ಸಂಜೆಯೇ ಸೊಸೆಯನ್ನು ಕರೆದು, ಇನ್ನು ಮುಂದೆ ನಿಮ್ಮತ್ತೆಗೆ ಒಳಕೋಣೆಯಲ್ಲೇ ಬಡಿಸು ಎಂದರು. ಮದುವೆಯಾದಾಗಿನಿಂದ ಗಂಡನ ಎದುರಿಗೆ ಕೂತು ಉಣ್ಣುತ್ತಿದ್ದ ಹೆಂಗಸು, ಅಂದಿನಿಂದ ಉಗ್ರಾಣದ ಕೋಣೆಯಲ್ಲಿ ಗೋಡೆಗೆ ಮುಖಮಾಡಿ ಉಣ್ಣತೊಡಗಿದರು. ಅವರ ತಟ್ಟೆ ಇಡುತ್ತಿದ್ದ ಹಿತ್ತಾಳೆಯ ಅಡ್ಡಣಿಗೆ ಅಟ್ಟ ಸೇರಿತು. ಅದನ್ನು ಅಟ್ಟಕ್ಕೆ ಹಾಕಿದವಳು ಗಿರಿಜಾಂಬಾ, ‘ಹೂಂ ಮಾವ’ ಎಂದೇ ಹಾಕಿದ್ದಳು.

ಹೊಸ ಬೀದಿಯವರು ಕಿಟಕಿಯ ಸಂದಿಯಿಂದ ಇವರ ಸಾಮಾನನ್ನೆಲ್ಲ ಕೂಲಂಕಷವಾಗಿ ನೋಡಿದರೇ ಹೊರತು ಯಾರೂ ಹೊಸ್ತಿಲು ದಾಟಿ ಬರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಬಂದವರು ಇಬ್ಬರು ಹುಡುಗಿಯರು. ನೀಲಿ ಲಂಗ, ಬಿಳಿ ರವಿಕೆ, ಕೊರಳಿಗೆ ಹಳದಿ ಸ್ಕಾರ್ಫು. ದೊಡ್ಡವಳು ಮುನಿರತ್ನ, ಮಾವಳ್ಳಿಯ ಕಡೆಯವಳು. ಅವಳ ಅಜ್ಜಿ ದೊಡ್ಡಮುನಿಯಮ್ಮ ಇದೇ ಬೀದಿಗೆ ಸೊಪ್ಪಿನ ಬುಟ್ಟಿ ಹೊತ್ತು ಬರುವವಳು.

“ನಾವು ಗೈಡ್ಸ್ ಹುಡುಗೀರು ಅಮ್ಮ. ಗಂಡು ಹುಡುಗರಿಗೆ ಸ್ಕೌಟ್ ಇಲ್ವಾ, ಹಂಗೆ. ಈ ಕಡೆ ಯಾರಾದ್ರೂ ಹೊಸದಾಗಿ ಬಂದ್ರೆ ನಮ್ಮ ಟೀಚರು ಇಬ್ಬಿಬ್ಬರನ್ನ ಕಳಿಸ್ತಾರೆ,” ಎಂದಳು.

ಕಳಿಸಿದ್ದು ಸುಮ್ಮನೆ ಮಾತಾಡಿಸಿ ಬರಲಿ ಎಂದಲ್ಲ. ನಲ್ಲಿಯಲ್ಲಿ ನೀರು ಬರುವುದು ಹಾಲಿನವನು ಬರುವ ಹೊತ್ತಿಗೆ, ಅವನು ಹೋದ ಮೇಲೆ ನಿಂತುಹೋಗುತ್ತದೆ. ರೇಷನ್ ಅಂಗಡಿಯಲ್ಲಿ ಒಳ್ಳೆಯ ಅಕ್ಕಿ ಬರುವ ದಿನ ಯಾವುದು. ಲಕ್ವಕ್ಕೆ ಯಾವ ಡಾಕ್ಟರು, ಯಾರ ಬಳಿ ಹೋಗಬಾರದು. ಇದೆಲ್ಲ ಆ ಹುಡುಗಿಯ ನಾಲಿಗೆಯ ತುದಿಯಲ್ಲಿತ್ತು. ಹೊಸ ಮನೆಯಲ್ಲಿ ಹೆಣ್ಣುಮಗುವಿದ್ದರೆ ಅವಳಿಗೊಬ್ಬಳು ಜೊತೆಗಾತಿಯನ್ನು ಗೊತ್ತುಮಾಡುವುದೂ ತಂಡದ ಕ್ರಮ. ಗಿರಿಜಾಂಬಾಳ ಮಗಳು ಶೈಲಜಾಗೆ ಹನ್ನೆರಡು ತುಂಬಿತ್ತು. ಊರು ಬಿಟ್ಟಾಗಿನಿಂದ ಮುಖ ಊದಿಸಿಕೊಂಡಿದ್ದವಳು ಬಾಗಿಲ ಮರೆಯಿಂದ ಆ ಹಳದಿ ಸ್ಕಾರ್ಫನ್ನೇ ನೋಡುತ್ತಿದ್ದಳು.

ಹೊರಡುವಾಗ ಮುನಿರತ್ನ ಒಳಕೋಣೆಯತ್ತ ಇಣುಕಿ ವಿಶಾಲಾಕ್ಷಮ್ಮನವರಿಗೆ ಕೈಮುಗಿದಳು. ಅವರಿಗೆ ತಿರುಗಿ ಮುಗಿಯಲು ಎರಡು ಕೈ ಎಲ್ಲಿತ್ತು? ಎಡಗೈಯನ್ನು ಅರ್ಧ ಎತ್ತಿ, ಸಂಕೋಚದಿಂದ ಮತ್ತೆ ಇಳಿಸಹೋದರು. ಅಷ್ಟರಲ್ಲಿ ಮುನಿರತ್ನ ತನ್ನ ಎಡಗೈ ಚಾಚಿ ಆ ಕೈಯನ್ನು ಹಿಡಿದು ಕುಲುಕಿಬಿಟ್ಟಳು. ಗೈಡ್ಸಿನವರು ಒಬ್ಬರಿಗೊಬ್ಬರು ಕೊಡುವುದೇ ಎಡಗೈ. ಅವಳು ಯೋಚಿಸಿ ಮಾಡಿದ್ದಲ್ಲ. ಗಿರಿಜಾಂಬಾಗೆ ಮೈ ಝುಮ್ಮೆಂದಿತು. ದೊಡ್ಡವರಿಗೆ ಎಡಗೈ ಕೊಡುವುದೆಂದರೇನು, ಈ ಹುಡುಗಿಗೆ ಹೇಳಿಕೊಟ್ಟವರಿಲ್ಲವೇ ಎಂದುಕೊಂಡಳು. ಆದರೆ ಅತ್ತೆ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

“ಆ ಹುಡುಗಿ ನಾಳೇನೂ ಬರ್ತಾಳೇನೆ?” ಎಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕೇಳಿದರು. ವರ್ಷದಿಂದೀಚೆಗೆ ಅವರು ತಾವಾಗಿ ಏನನ್ನೂ ಕೇಳಿರಲಿಲ್ಲ.

ಆ ಸಂಜೆ ವೃಷಭೇಂದ್ರಪ್ಪನವರು, ಹೆಣ್ಣುಹುಡುಗಿಯರು ಪೊಲೀಸರ ಹಾಗೆ ಬೀದಿಯಲ್ಲಿ ಕವಾಯತು ಮಾಡಿಕೊಂಡು ಹೋಗುವುದನ್ನು ನೋಡಿದೆನೆಂದೂ, ಈ ಊರು ಕೆಟ್ಟು ಕೂತಿದೆಯೆಂದೂ ಊಟದುದ್ದಕ್ಕೂ ಹೇಳಿದರು. ಹಾಗಾಗಿ ಶೈಲಜಾ ಗೈಡ್ಸಿಗೆ ಸೇರಿದಾಗ ಗಿರಿಜಾಂಬಾ ಮಾವನಿಗೆ ಹೇಳಿದ್ದು, ಶನಿವಾರ ಶಾಲೆಯಲ್ಲಿ ಹೊಲಿಗೆ ಕ್ಲಾಸು ಎಂದು. ಪೂರ್ತಿ ಸುಳ್ಳೇನಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ತೋಳಿನ ಪಟ್ಟಿಯನ್ನು ಮಗಳು ತಾನೇ ಹೊಲಿದುಕೊಂಡಿದ್ದಳಲ್ಲ.

ಶ್ರಾವಣದಲ್ಲಿ ಶೈಲಜಾ ಪ್ರತಿಜ್ಞೆ ತೆಗೆದುಕೊಳ್ಳುವ ದಿನ ಬಂತು. ಹೊಸ ಹುಡುಗಿಯ ಕೊರಳಿಗೆ ಸ್ಕಾರ್ಫು ಕಟ್ಟಬೇಕಾದವಳು ತಾಯಿ. ಬಸವನಗುಡಿಗೆ ಹೋಗಿ ಬಸವಣ್ಣನಿಗೆ ಕೈಮುಗಿದು ಬರುತ್ತೇನೆಂದು ಮಾವನಿಗೆ ಹೇಳಿ ಗಿರಿಜಾಂಬಾ ಹೊರಟಳು. ಶಾಲೆಯ ಅಂಗಳದಲ್ಲಿ ಟೀಚರು ತ್ರಿಪುರಸುಂದರಿ ಹೊಸಬರ ತಾಯಂದಿರನ್ನೆಲ್ಲ ಹಳಬರ ನಡುವೆ ಒಬ್ಬೊಬ್ಬರಾಗಿ ಕೂರಿಸಿ ಕಾಫಿ ಕೊಡಿಸಿದರು. ಎದುರುಮನೆಯಾಕೆಯೂ ಅಲ್ಲಿದ್ದಳು. ನಿಮ್ಮ ಮನೆಯ ಹುರುಳಿಸಾರಿನ ಘಮ ನಮ್ಮಲ್ಲಿಗೆ ಬರುತ್ತದೆ, ಹೇಗೆ ಮಾಡುತ್ತೀರಿ ಎಂದು ಕೇಳಿದಳು. ಗಿರಿಜಾಂಬಾ ಆ ಊರಿಗೆ ಬಂದ ಮೇಲೆ ಮೊದಲ ಬಾರಿಗೆ ಬಾಯಿತುಂಬ ಮಾತಾಡಿದಳು. ಆಮೇಲೆ ಹೇಳಿದ್ದು ಸುಳ್ಳಾಗಬಾರದೆಂದು ಬಸವನಗುಡಿಗೆ ಓಡಿ, ಬಸವಣ್ಣನನ್ನು ಏದುಸಿರಿನಲ್ಲೇ ಸುತ್ತು ಹಾಕಿ, ಬೆವರು ಒರೆಸಿಕೊಳ್ಳುತ್ತ ಮನೆ ಸೇರಿದಳು.

ಅಲ್ಲಿಂದ ಶನಿವಾರಗಳು ಬೇರೆಯಾದವು. ಮಾವ ಮಂಡಿಗೆ ಹೋದ ಮೇಲೆ ಮುನಿರತ್ನ ಬರುತ್ತಿದ್ದಳು. ಮಾವನನ್ನು ಮಂಡಿಗೆ ಯಾರೂ ಕರೆದಿರಲಿಲ್ಲ. ಆದರೂ ದಿನಾ ಹೋಗಿ ಗದ್ದಿಗೆಯ ಮೇಲೆ ಕೂತು ಮಗನ ವ್ಯಾಪಾರಕ್ಕೆ ತಪ್ಪು ಹುಡುಕಿ ಬರುತ್ತಿದ್ದರು. ಇತ್ತ ಹುಡುಗಿಯರು ಅಜ್ಜಿಯ ಜೋತುಬಿದ್ದ ಕೈಗೆ ಸ್ಕಾರ್ಫಿನ ಜೋಳಿಗೆ ಕಟ್ಟಿ ಕಟ್ಟಿ ಗಂಟು ಹಾಕುವುದನ್ನು ಕಲಿತರು. ಗಂಟು ಕತ್ತಿನ ಹಿಂದೆ ಒತ್ತಬಾರದು, ಬದಿಗೆ ಬರಬೇಕು ಎಂದು ಮುನಿರತ್ನ ಹೇಳಿದರೆ, ಬದಿಗೂ ಒತ್ತುತ್ತೆ ಕಣೆ ಎಂದು ಅಜ್ಜಿ ನಗುತ್ತಿದ್ದರು. ಬಂದಾಗ ಒಮ್ಮೆ, ಹೋಗುವಾಗ ಒಮ್ಮೆ ಎಡಗೈ ಕೊಡುತ್ತಿದ್ದರು.

ಗೌರಿಹಬ್ಬದ ಹಿಂದಿನ ಶನಿವಾರ ವೃಷಭೇಂದ್ರಪ್ಪನವರು ತಲೆನೋವೆಂದು ಬೇಗ ಮನೆಗೆ ಬಂದರು. ಬಾಗಿಲಲ್ಲೇ ಮೊಮ್ಮಗಳು ನೀಲಿ ಲಂಗ, ಹಳದಿ ಸ್ಕಾರ್ಫು ತೊಟ್ಟು ನಿಂತು, ಸೊಪ್ಪಿನವಳ ಮೊಮ್ಮಗಳಿಗೆ ಎಡಗೈ ಕೊಟ್ಟು ಕುಲುಕುತ್ತಿದ್ದಳು. ಅವರು ಬಾಗಿಲ ಪಕ್ಕಕ್ಕೆ ಸರಿದು ನಿಂತರು. ಮುನಿರತ್ನ ತಲೆತಗ್ಗಿಸಿ ಹೊರಟುಹೋಗುವವರೆಗೂ ಕಾದು, ಒಳಗೆ ಬಂದು ಬಾಗಿಲು ಹಾಕಿದರು.

“ಇದೇನೇ ನಿನ್ನ ಹೊಲಿಗೆ ಕ್ಲಾಸು?” ಎಂದು ಸೊಸೆಯನ್ನು ಕೇಳಿದರು.

ಗಿರಿಜಾಂಬಾಳ ಬಾಯಿಗೆ ‘ಹೂಂ’ ಕೂಡ ಬರಲಿಲ್ಲ.

“ಬೆಳಿಗ್ಗೆ ಎದ್ದು ಸ್ನಾನ ಮಾಡಿ, ವಿಭೂತಿ ಇಟ್ಟು, ಆ ಅಂಗೈ ಮೇಲೆ ಲಿಂಗ ಇಟ್ಕೊಂಡು ಪೂಜೆ ಮಾಡ್ತಾಳೆ. ಅದೇ ಅಂಗೈನ ಬೀದೀಲಿ ನಿಂತು ಕಂಡೋರ ಕೈಗೆ ಕೊಡ್ತಾಳೆ. ಹೇಳಿಕೊಟ್ಟೋರು ಯಾರು? ನೀನಾ?”

“ಅವರಲ್ಲಿ ಹಂಗೇ ತಾತ, ಎಲ್ಲರೂ ಎಡಗೈನೇ ಕೊಡೋದು,” ಎಂದಳು ಶೈಲಜಾ.

“ಅವರಲ್ಲಿ ಏನಾದ್ರೂ ಇರಲಿ. ನೀನು ಯಾರ ಪೈಕಿ?”

ರಾತ್ರಿಯ ಮುದ್ದೆ ಆರಿ ಕಲ್ಲಾಯಿತು, ವೃಷಭೇಂದ್ರಪ್ಪನವರು ಮುಟ್ಟಲಿಲ್ಲ. ಮಗ ಮಾತ್ರ ತಲೆ ಬಗ್ಗಿಸಿ ಸಾರಿನಲ್ಲಿ ಬೆರಳಾಡಿಸುತ್ತ ಕೂತಿದ್ದ. ತೀರ್ಮಾನ ಅಲ್ಲೇ ಹೊರಬಿತ್ತು. ದಸರಾ ರಜೆಗೆ ಶೈಲಜಾ ತಿಪಟೂರಿಗೆ, ತಾತನ ತಂಗಿಯ ಮನೆಗೆ ಹೋಗತಕ್ಕದ್ದು. ಹೋದವಳು ಅಲ್ಲೇ ಇರತಕ್ಕದ್ದು. ಓದಿದ್ದು ಸಾಕು, ಮನೆಗೆಲಸ ಕಲಿಯಲಿ, ಗಂಡು ನೋಡೋಣ. ಇದೇ ರಜೆಯಲ್ಲಿ ಗೈಡ್ಸಿನವರು ಕೆಂಗೇರಿಯ ಹತ್ತಿರದ ತೋಪಿನಲ್ಲಿ ಡೇರೆ ಹಾಕಿ ಕ್ಯಾಂಪು ನಡೆಸುವವರಿದ್ದರು. ಶೈಲಜಾ ಅದಕ್ಕಾಗಿ ಹಾಸಿಗೆ ಸುತ್ತುವುದನ್ನು ಕೂಡ ಅಭ್ಯಾಸ ಮಾಡಿದ್ದಳು. ಈಗ ಕ್ಯಾಂಪು ಹಾಳಾಗಲಿ, ಮಗಳೇ ಕೈತಪ್ಪುವ ಹಾಗಾಯಿತಲ್ಲ ಎಂದು ಗಿರಿಜಾಂಬಾಳ ಎದೆ ಒಡೆದುಹೋಯಿತು.

ಬೆಳಿಗ್ಗೆ ನೀರೊಲೆಯ ಮುಂದೆ ಗಂಡನನ್ನು ಹಿಡಿದಳು.

“ನೀವೊಂದು ಮಾತು ಆಡಬಹುದಿತ್ತು.”

“ಆಡಿದ್ರೆ ಏನಾಗ್ತಿತ್ತು? ಅಪ್ಪಾಜಿ ಕೇಳ್ತಿದ್ರಾ?”

“ಕೇಳ್ತಿರಲಿಲ್ಲ. ನಮ್ಮಪ್ಪ ಒಂದು ಮಾತು ಆಡಿದ್ರು ಅಂತ ಅವಳಿಗಾದ್ರೂ ಇರ್ತಿತ್ತು.”

ನಂಜುಂಡಯ್ಯ ಚೊಂಬು ಕೆಳಗಿಟ್ಟು, ನೀನು ಸುಳ್ಳು ಹೇಳದಿದ್ದರೆ ಇಷ್ಟಕ್ಕೆಲ್ಲ ಬರುತ್ತಿರಲಿಲ್ಲ ಎಂದ. ಅದು ನಿಜವೇ ಆಗಿದ್ದರಿಂದ ಅವಳಿಗೆ ಇನ್ನೂ ಸಿಟ್ಟು ಬಂತು. ನಿಜ ಹೇಳಿದ್ದರೆ ಮೊದಲ ದಿನವೇ ಬಾಗಿಲು ಮುಚ್ಚುತ್ತಿತ್ತು, ಅಷ್ಟೇ ವ್ಯತ್ಯಾಸ ಎಂದು ಹೇಳಿ ಒಲೆಗೆ ಸೌದೆ ತುರುಕಿದಳು.

ಗೌರಿಹಬ್ಬ ಬಂತು, ಹೋಯಿತು. ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಶೈಲಜಾ ಶಾಲೆಗೆ ಹೋಗಿ ಬಂದು, ಕಡುಬು ಕೊಟ್ಟರೆ ಕಡುಬು, ಮುದ್ದೆ ಕೊಟ್ಟರೆ ಮುದ್ದೆ, ಸುಮ್ಮನೆ ನುಂಗುತ್ತಿದ್ದಳು. ಶನಿವಾರ ಬಂದರೂ ಮುನಿರತ್ನ ಬರಲಿಲ್ಲ. ಅತ್ತೆ ಮಾತ್ರ ದಿನದಿನಕ್ಕೂ ಒಳಗೆ ಸರಿಯುತ್ತಿದ್ದರು. ಬೆಳಗಿನ ಪೂಜೆಗೆ ಗಿರಿಜಾಂಬಾ ಲಿಂಗವಿರುವ ಕರಡಿಗೆಯ ದಾರ ಸಡಿಲಿಸಿಕೊಟ್ಟರೆ, ಲಿಂಗವನ್ನು ಎಡ ಅಂಗೈಗೆ ಜಾರಿಸಿಕೊಂಡು ನೋಡುತ್ತ ಕೂರುತ್ತಿದ್ದರು. ಪತ್ರೆ ಏರಿಸಲು ಇನ್ನೊಂದು ಕೈ ಇಲ್ಲ. ಒಬ್ಬರ ಇಷ್ಟಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ನೋಡುವುದೇ ಅವರ ಪೂಜೆಯಾಗಿತ್ತು.

ದಸರೆಗೆ ಶಾಲೆ ಮುಚ್ಚುವ ಮುಂಚಿನ ಭಾನುವಾರ ಬೆಳಿಗ್ಗೆ ಟೀಚರು ತ್ರಿಪುರಸುಂದರಿ ತಾವಾಗಿ ಮನೆಗೆ ಬಂದರು. ಜೊತೆಗೆ ಬಂದ ಮುನಿರತ್ನ ಒಳಗೆ ಬಾರದೆ ಜಗಲಿಯಲ್ಲೇ ನಿಂತಳು. ಮನೆಗೆ ಬಂದವರನ್ನು ಅಗೌರವದಿಂದ ಕಾಣುವವರಲ್ಲ ವೃಷಭೇಂದ್ರಪ್ಪನವರು. ಟೀಚರಿಗೆ ಕುರ್ಚಿ ಹಾಕಿಸಿ, ಹಾಲು ತರಹೇಳಿದರು. ಟೀಚರು ಕ್ಯಾಂಪಿನ ವಿಷಯ ತೆಗೆದು, ಅಲ್ಲಿ ಸಸ್ಯಾಹಾರವೇ, ಕಾವಲಿಗೆ ಜನವಿದೆ, ತಾನೂ ಜೊತೆಗೇ ಇರುತ್ತೇನೆ ಎಂದು ಒಂದೊಂದಾಗಿ ವಿವರಿಸಿದರು.

“ನಿಮ್ಮ ಮೇಲೆ ನನಗೆ ಬೇಜಾರಿಲ್ಲ ಟೀಚರಮ್ಮ,” ಎಂದರು ವೃಷಭೇಂದ್ರಪ್ಪನವರು. “ನಮ್ಮನೇಲಿ ಎಡಗೈ ಅಂದ್ರೆ ಲಿಂಗ ಹಿಡಿಯೋ ಕೈ. ಅದನ್ನ ಸಿಕ್ಕಿದೋರಿಗೆಲ್ಲ ಕೊಡೋದು ನಮ್ಮಲ್ಲಿಲ್ಲ.”

“ನಾವು ಎಡಗೈ ಕೊಡೋದು, ಅದು ಹೃದಯಕ್ಕೆ ಹತ್ತಿರ ಅಂತ.”

“ನಮ್ಮಲ್ಲಿ ಹೃದಯಕ್ಕೆ ಹತ್ತಿರ ಇರೋದು ಇದು,” ಎಂದು ಎದೆಯ ಮೇಲಿನ ಬೆಳ್ಳಿ ಕರಡಿಗೆ ಮುಟ್ಟಿ ತೋರಿಸಿದರು.

ಟೀಚರು ಹಾಲಿನ ಲೋಟ ಕೆಳಗಿಟ್ಟರು. ಹಾಗಾದರೆ ಶೈಲಜಾ ಎಡಗೈ ಕೊಡುವುದೇ ಬೇಡ, ಎಲ್ಲರಿಗೂ ಕೈಮುಗಿಯಲಿ, ತಂಡದಲ್ಲಿ ಯಾರೂ ತಪ್ಪು ತಿಳಿಯದ ಹಾಗೆ ನಾನು ನೋಡಿಕೊಳ್ಳುತ್ತೇನೆ ಎಂದರು. ಆದರೆ ಮಾವ ಆಗದೆಂದು ತಲೆಯಾಡಿಸಿದರು. ಮಗು ತಿಪಟೂರಿಗೆ ಹೋಗುವುದು ನಿಶ್ಚಯವಾಗಿದೆ, ಇನ್ನು ಆ ಮಾತು ಬೇಡ ಎಂದರು. ಟೀಚರು ಎದ್ದರು. ಜಗಲಿಯಲ್ಲಿದ್ದ ಮುನಿರತ್ನ ಮೆಲ್ಲಗೆ, ಅಜ್ಜಿಗೆ ಹೇಳಿಬಿಡಿ ಅಮ್ಮ, ಹೋಗ್ತೀನಿ ಎಂದಳು.

ಆಗ ಒಳಗಿನಿಂದ ಕಾಲು ಎಳೆದುಕೊಂಡು ಬರುವ ಸದ್ದು ಕೇಳಿತು. ಆ ಮನೆಗೆ ಬಂದಾಗಿನಿಂದ ಹೊರಗಿನವರ ಎದುರು ಪಡಸಾಲೆಗೆ ಕಾಲಿಡದಿದ್ದ ವಿಶಾಲಾಕ್ಷಮ್ಮ ಗೋಡೆ ಹಿಡಿದು ಬರುತ್ತಿದ್ದರು. ಬಲಗೈ ಹಳದಿ ಸ್ಕಾರ್ಫಿನ ಜೋಳಿಗೆಯಲ್ಲಿತ್ತು. ನೀನಂತೂ ಕಟ್ಟಿಕೊಳ್ಳುವ ಹಾಗಿಲ್ಲ, ನನಗಾದರೂ ಕಟ್ಟು ಎಂದು ಬೆಳಿಗ್ಗೆ ಮೊಮ್ಮಗಳಿಂದ ಕಟ್ಟಿಸಿಕೊಂಡಿದ್ದರು. ಸೀದಾ ಹೊಸ್ತಿಲಿಗೆ ಬಂದು, ಬಾಗಿಲಿಗೆ ಒರಗಿ, ಮುನಿರತ್ನಳತ್ತ ಎಡಗೈ ಚಾಚಿದರು.

ಮುನಿರತ್ನ ವೃಷಭೇಂದ್ರಪ್ಪನವರ ಮುಖ ನೋಡಿದಳು. ಹೆದರಿ, ತನ್ನ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು. ಅಜ್ಜಿಯ ಕೈ ಹಾಗೇ ಗಾಳಿಯಲ್ಲಿ ನಿಂತಿತು.

“ಒಳಗೆ ಬಾ,” ಎಂದರು ವೃಷಭೇಂದ್ರಪ್ಪನವರು ಹೆಂಡತಿಗೆ.

“ಬರ್ತೀನಿ. ಒಂದು ಮಾತು ಕೇಳಿಬಿಟ್ಟು ಬರ್ತೀನಿ,” ಎಂದರು ವಿಶಾಲಾಕ್ಷಮ್ಮ. ಬಾಯಿ ಸ್ವಲ್ಪ ಸೊಟ್ಟಗಾಗಿದ್ದರಿಂದ ಮಾತು ನಿಧಾನವಾಗಿ ಬರುತ್ತಿತ್ತು. “ನನಗಿರೋದು ಇದೊಂದೇ ಕೈ. ಇದರಲ್ಲಿ ಉಂಡ್ರೆ ನೋಡೋಕಾಗಲ್ಲ, ಒಳಗೆ ಬಚ್ಚಿಟ್ಕೋ ಅಂದ್ರಿ. ಬಚ್ಚಿಟ್ಕೊಂಡೆ. ಈಗ ಲಿಂಗ ಹಿಡಿಯೋ ಕೈ, ದೊಡ್ಡದು, ಕಂಡೋರಿಗೆ ಕೊಡಬಾರದು ಅಂತೀರಿ. ಎರಡರಲ್ಲಿ ಯಾವುದು ನಿಜ ಅಂತ ಹೇಳಿ. ಹೇಸಿಗೆ ಕೈ ಅನ್ನೋದೇ ನಿಜ ಆದ್ರೆ ಇದರ ಮೇಲೆ ಲಿಂಗ ಇಡಬಾರದು ನಾನು. ಈಗಲೇ ಬಿಚ್ಚಿ ನಿಮ್ಮ ಕೈಗೇ ಕೊಟ್ಬಿಡ್ತೀನಿ.”

ಮೈಮೇಲಿನ ಲಿಂಗವನ್ನು ಬಿಚ್ಚಿಕೊಡುತ್ತೇನೆಂಬ ಮಾತು ಆ ಮನೆಯಲ್ಲಿ ಯಾರೂ ಆಡಿದ್ದಿಲ್ಲ. ಜೀವ ಇರುವವರೆಗೆ ಆಡುವ ಮಾತಲ್ಲ ಅದು. ನಂಜುಂಡಯ್ಯ ಕೂತಲ್ಲಿಂದ ಎದ್ದು ನಿಂತ.

“ಅವ್ವ ಕೇಳಿದ್ದಕ್ಕೆ ಉತ್ತರ ಹೇಳಿ ಅಪ್ಪಾಜಿ,” ಎಂದ.

ವೃಷಭೇಂದ್ರಪ್ಪನವರು ಹೆಂಡತಿಯನ್ನು ನೋಡಿದರು. ಚಾಚಿದ ಕೈ ಆಗಲೇ ಸೋತು ನಡುಗತೊಡಗಿತ್ತು. ಆದರೆ ಅವರು ಇಳಿಸುವ ಹಾಗೆ ಕಾಣಲಿಲ್ಲ. ಟೀಚರು ನೆಲ ನೋಡುತ್ತಿದ್ದರು. ಬೀದಿಯಾಚೆ ಎದುರುಮನೆಯ ಕಿಟಕಿ ತೆರೆದೇ ಇತ್ತು. ಅದನ್ನು ಕಂಡರೂ ವೃಷಭೇಂದ್ರಪ್ಪನವರು ಬಾಗಿಲು ಹಾಕಲು ಹೋಗಲಿಲ್ಲ.

“ತಗೊಳ್ಳಮ್ಮ ಕೈನ,” ಎಂದರು ಮುನಿರತ್ನಳಿಗೆ, ಸಿಡುಕುತ್ತಲೇ. “ದೊಡ್ಡೋರು ಎಷ್ಟು ಹೊತ್ತು ಅಂತ ಹಂಗೇ ಚಾಚ್ಕೊಂಡು ನಿಂತಿರ್ತಾರೆ?”

ಮುನಿರತ್ನ ಎಡಗೈ ಮುಂದೆ ಮಾಡಿದಳು. ಅಜ್ಜಿ ಅದನ್ನು ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಟೀಚರೂ ಮುನಿರತ್ನಳೂ ಹೋದ ಮೇಲೆ ವೃಷಭೇಂದ್ರಪ್ಪನವರು ಮಧ್ಯಾಹ್ನದವರೆಗೂ ಹಿತ್ತಲಲ್ಲಿ ಒಬ್ಬರೇ ಕೂತಿದ್ದರು. ಕ್ಯಾಂಪಿನ ಗತಿ ಏನು, ತಿಪಟೂರಿನ ಗತಿ ಏನು, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಗಿರಿಜಾಂಬಾ ಮುದ್ದೆ ತೊಳಸಿ, ಎಂದಿನಂತೆ ಪಡಸಾಲೆಯಲ್ಲಿ ಮಾವನಿಗೂ ಗಂಡನಿಗೂ ಬಡಿಸಿ, ಅತ್ತೆಯ ತಟ್ಟೆ ಎತ್ತಿಕೊಂಡು ಒಳಕೋಣೆಯ ಕಡೆ ನಡೆದಳು.

“ಅವಳ ಅಡ್ಡಣಿಗೆ ಎಲ್ಲಿಟ್ಟಿದೀಯ?” ಎಂದು ಮಾವ ಹಿಂದಿನಿಂದ ಕೇಳಿದರು.

ಗಿರಿಜಾಂಬಾ ಉತ್ತರ ಕೊಡಲು ನಿಲ್ಲಲಿಲ್ಲ. ಏಣಿ ಹಾಕಿ ಅಟ್ಟ ಹತ್ತಿ, ತಿಪಟೂರಿನಿಂದ ಕಟ್ಟಿ ತಂದ ಗೋಣಿಯೊಳಗಿಂದ ಅಡ್ಡಣಿಗೆ ತೆಗೆದು, ಸೆರಗಿನಲ್ಲೇ ಧೂಳು ಒರೆಸಿ ಮಾವನ ಎದುರಿಗಿಟ್ಟಳು. ಶೈಲಜಾ ಅಜ್ಜಿಯನ್ನು ಕರೆತಂದು ಕೂರಿಸಿದಳು. ವಿಶಾಲಾಕ್ಷಮ್ಮ ಗಂಡನ ಎದುರಿಗೆ ಎಡಗೈಯಲ್ಲಿ ಮುದ್ದೆ ಮುರಿಯಹೋದರು. ಬಿಸಿ ಮುದ್ದೆ ಜಾರಿ ತಟ್ಟೆಯ ಅಂಚಿಗೆ ಹೋಯಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ವರ್ಷವೆಲ್ಲ ಗೋಡೆಗೆ ಮುಖಮಾಡಿ ಈಕೆ ಹೀಗೆ ಉಂಡಿದ್ದಾಳೆ ಎಂಬುದನ್ನು ವೃಷಭೇಂದ್ರಪ್ಪನವರು ಅಂದೇ ಕಂಡದ್ದು. ಗಿರಿಜಾಂಬಾ ಬಗ್ಗುವುದರೊಳಗೆ ಅವರೇ ಮುಂದಕ್ಕೆ ಬಾಗಿ, ಬಲಗೈಯಿಂದ ಹೆಂಡತಿಯ ಮುದ್ದೆಯನ್ನು ಸಣ್ಣಸಣ್ಣ ತುತ್ತಾಗಿ ಮುರಿದು, ಸಾರಿನಲ್ಲಿ ಅದ್ದಿ ಅದ್ದಿ ಆಕೆಯ ತಟ್ಟೆಯಲ್ಲಿಟ್ಟರು. ಆಕೆ ಒಂದೊಂದಾಗಿ ಎತ್ತಿ ನುಂಗಿದರು.

ಕೊನೆಗೆ ವೃಷಭೇಂದ್ರಪ್ಪನವರು ತಲೆಯೆತ್ತದೆ ಮೊಮ್ಮಗಳನ್ನು ಕೇಳಿದರು.

“ಕ್ಯಾಂಪಿಗೆ ಎಷ್ಟು ಹೊತ್ತಿಗೆ ಹೊರಡಬೇಕಂತೆ?”

“ಬೆಳಗಾಗೋ ಹೊತ್ತಿಗೆ ಶಾಲೆ ಹತ್ರ ಇರಬೇಕು ತಾತ.”

“ಹಂಗಾದ್ರೆ ಪೂಜೆ ಬೇಗ ಮುಗಿಸ್ಕೋ,” ಎಂದರು.

ಗಿರಿಜಾಂಬಾಗೆ ಅಳು ಬಂತು. ಮಜ್ಜಿಗೆ ತರುತ್ತೇನೆಂದು ಒಳಗೆ ಹೋದವಳು, ಎರಡು ಸಲ ಕರೆದ ಮೇಲೆ ಹೊರಗೆ ಬಂದಳು.